ಮನೆಯ ಬಿಸ್ಕತ್ತಿಗೂ ಮಿತಿಯುಂಟು

ಕಳೆದ ಶ್ರಾವಣದಲ್ಲಿ ಸವದತ್ತಿ ತಾಲ್ಲೂಕಿನ ಹಳ್ಳಿಯೊಂದರಿಂದ ವೃದ್ಧ ತಾಯಿಯೊಬ್ಬರು ನಮ್ಮ ಚಿಕಿತ್ಸಾಲಯಕ್ಕೆ ಬಂದಿದ್ದರು. ಬಹುಕಾಲದ ಮಧುಮೇಹ. ಹತೋಟಿಯಲ್ಲಿದ್ದ ಸಕ್ಕರೆಯ ಪ್ರಮಾಣ ಎರಡೇ ತಿಂಗಳಲ್ಲಿ ಏರಿತ್ತು. ಔಷಧ ತಪ್ಪಿಲ್ಲ, ಪಥ್ಯ ತಪ್ಪಿಲ್ಲ ಎಂದರು. ವಿಚಾರಿಸುತ್ತ ಹೋದಾಗ ಸೊಸೆ ಮಾಡಿಟ್ಟ ಬಿಸ್ಕತ್ತಿನ ಡಬ್ಬಿಯ ಸಂಗತಿ ಹೊರಬಂದಿತು. ದಿನಕ್ಕೆ ಏಳೆಂಟು. “ಜ್ವಾಳದ್ದ ಅದಾವ್ರಿ ಸಾಹೇಬ್ರ, ಬೆಲ್ಲಾನ ಹಾಕ್ಯಾಳ. ಮೈದಾ ಬ್ಯಾಡ, ಸಿರಿಧಾನ್ಯ ತಿನ್ರಿ ಅಂತ ನೀವ ಹೇಳಿದ್ರಲ್ರಿ” ಎಂದರು. ನಾವು ಹೇಳಿದ್ದು ನಿಜ. ಆದರೆ ಅರ್ಧ ಮಾತ್ರ ಹೇಳಿದ್ದೆವು. ಉಳಿದರ್ಧಕ್ಕಾಗಿ ಈ ಬರಹ.

ವಿಶ್ವಸಂಸ್ಥೆಯು 2023ನ್ನು ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿದ ಮೇಲೆ ಧಾನ್ಯದ ಹೆಸರು ಹೊತ್ತ ಪೊಟ್ಟಣಗಳು ಎಲ್ಲೆಡೆ ಹೆಚ್ಚಿವೆ. ಕೊಳ್ಳುವವರು ಹಿಂಬದಿಯ ಸಣ್ಣಕ್ಷರಗಳನ್ನು ಓದಬೇಕು. ಯಾವ ಪದಾರ್ಥದ ತೂಕ ಹೆಚ್ಚೋ ಅದರ ಹೆಸರು ಮೊದಲು ಬರೆಯಬೇಕೆಂಬುದು ನಿಯಮ. ಸಂಸ್ಕರಿಸಿದ ಗೋಧಿ ಹಿಟ್ಟು ಎಂದು ಮೊದಲಿದ್ದರೆ ಅದು ಮೈದಾ; ಮುಂಬದಿಯ ಜೋಳದ ತೆನೆ ಬರೀ ಚಿತ್ರ.

ಆದುದರಿಂದ ಮನೆಯಲ್ಲಿ ಮಾಡುವುದೇ ಲೇಸು. ಸವದತ್ತಿ, ರಾಮದುರ್ಗದ ಎರೆಭೂಮಿಯ ಹಿಂಗಾರಿ ಜೋಳವಿದೆ. ಹುಗ್ಗಿಗೆ ಬಳಸುವ ಜವೆ ಗೋಧಿಯಿದೆ. ಇಡೀ ಕಾಳನ್ನು ಬೀಸಿದಾಗ ತೌಡೂ ಮೊಳಕೆಯ ಭಾಗವೂ ಹಿಟ್ಟಿನಲ್ಲೇ ಉಳಿಯುತ್ತವೆ. ಮೈದಾದಲ್ಲಿ ಇವೆರಡೂ ಹೋಗಿರುತ್ತವೆ. ಆ ಮೊಳಕೆಯಲ್ಲಿ ಎಣ್ಣೆಯಂಶವಿರುವುದರಿಂದ ಹಿಟ್ಟು ಬೇಗ ಕಮಟಾಗುತ್ತದೆ. ಗಿರಣಿಗೆ ತಿಂಗಳ ಹಿಟ್ಟು ಒಮ್ಮೆಲೇ ಹಾಕಬೇಡಿರಿ.

ನಮ್ಮ ಮನೆಯ ಅಳತೆ ಹೀಗಿದೆ: ಗೋಧಿ ಹಿಟ್ಟು 150 ಗ್ರಾಂ, ಜೋಳದ ಹಿಟ್ಟು 50 ಗ್ರಾಂ, ತುಪ್ಪ 80 ಗ್ರಾಂ, ಬೆಲ್ಲದ ಪುಡಿ 60 ಗ್ರಾಂ, ಚಿಟಿಕೆ ಉಪ್ಪು, ಏಲಕ್ಕಿ, ಹುರಿದ ಎಳ್ಳು. ಜೋಳದಲ್ಲಿ ಗೋಧಿಯ ಜಿಗುಟಿಲ್ಲ. ಹೆಚ್ಚು ಹಾಕಿದರೆ ಬಿಸ್ಕತ್ತು ಕೈಯಲ್ಲೇ ಪುಡಿಯಾಗುತ್ತದೆ. ಆ ಹಿಟ್ಟನ್ನು ಮೊದಲು ಹಸಿವಾಸನೆ ಹೋಗುವಷ್ಟು ಹುರಿಯಬೇಕು. ಹುರಿದ ಧಾನ್ಯ ಲಘುವಾಗುತ್ತದೆಂದು ಆಯುರ್ವೇದವೂ ಹೇಳುತ್ತದೆ. ಸೋಡಾ ಬೇಡ, ಅದು ಧಾನ್ಯದ ಬಿ1 ಜೀವಸತ್ವವನ್ನು ಕೆಡಿಸುತ್ತದೆ. ಎರಡು ಮೂರು ಚಮಚ ಹಾಲಿನಿಂದ ಕಲಸಿ 24 ಬಿಲ್ಲೆಗಳನ್ನು ತಟ್ಟಿರಿ. ಒವನ್ ಇಲ್ಲದವರು ದಪ್ಪ ತಳದ ಪಾತ್ರೆಯಲ್ಲಿ ಉಪ್ಪು ಹರಡಿ, ಮುಚ್ಚಿ, ಹತ್ತು ನಿಮಿಷ ಕಾಯಿಸಿ, ಒಳಗೆ ಸಿಂಬಿಯಂತಹ ಆಸರೆಯ ಮೇಲೆ ತಟ್ಟೆಯಿಟ್ಟು ಸಣ್ಣ ಉರಿಯಲ್ಲಿ 20–25 ನಿಮಿಷ ಬೇಯಿಸಬಹುದು. ಬಿಸಿಯಿರುವಾಗ ಮೆತ್ತಗಿರುತ್ತವೆ, ಆರಿದ ಮೇಲೆ ಗರಿಯಾಗುತ್ತವೆ.

ಬೆಲ್ಲದ ಬದಲು ಜೇನು ಹಾಕುವವರಿದ್ದಾರೆ. ಜೇನನ್ನು ಬಿಸಿಮಾಡುವುದು ನಮ್ಮ ಶಾಸ್ತ್ರದಲ್ಲಿ ನಿಷಿದ್ಧ.

ಈಗ ಲೆಕ್ಕ. ಒಂದು ಬಿಲ್ಲೆಯಲ್ಲಿ ಬೆಲ್ಲ ಎರಡೂವರೆ ಗ್ರಾಂ, ತುಪ್ಪ ಮೂರು ಗ್ರಾಂಗಿಂತ ತುಸು ಹೆಚ್ಚು. ಅಲ್ಪವೆನಿಸಬಹುದು. ಎಂಟು ತಿಂದರೆ 20 ಗ್ರಾಂ ಬೆಲ್ಲ, ಸುಮಾರು 27 ಗ್ರಾಂ ತುಪ್ಪ, ಜೊತೆಗೆ ಒಂದು ರೊಟ್ಟಿಯಾಗುವಷ್ಟು ಹಿಟ್ಟು. ಆ ತಾಯಿಯ ಊಟದ ರೊಟ್ಟಿಗಳೇನೂ ಕಡಿಮೆಯಾಗಿರಲಿಲ್ಲ. ಬೆಲ್ಲದಲ್ಲಿ ಖನಿಜಾಂಶ ತುಸು ಇದ್ದರೂ ಬಹುಪಾಲು ಅದೂ ಸಕ್ಕರೆಯೇ. ಚರಕಸಂಹಿತೆಯು ಪ್ರಮೇಹದ ಕಾರಣಗಳನ್ನು ಹೇಳುವಲ್ಲಿ ಹೊಸ ಧಾನ್ಯವನ್ನೂ ಬೆಲ್ಲದಿಂದಾದ ತಿನಿಸುಗಳನ್ನೂ ಸೇರಿಸಿದೆ. ಆಹಾರವನ್ನು ಎಂಟು ಬಗೆಯಲ್ಲಿ ವಿಚಾರಿಸಬೇಕೆಂದು ಅದೇ ಗ್ರಂಥ ವಿಧಿಸುತ್ತದೆ. ಧಾನ್ಯದ ಸಹಜಗುಣ ಅವುಗಳಲ್ಲಿ ಒಂದು. ಸಂಸ್ಕಾರ, ಸಂಯೋಗ, ಪ್ರಮಾಣ, ಉಣ್ಣುವವನ ದೇಹಸ್ಥಿತಿ ಬೇರೆ ಬೇರೆ. ನಾವು ವೈದ್ಯರು ಸಿರಿಧಾನ್ಯದ ಗುಣಗಾನದಲ್ಲಿ ಮೊದಲನೆಯದನ್ನಷ್ಟೇ ಸಾರಿದೆವು. ಪೊಟ್ಟಣದವರನ್ನು ದೂರುವ ನಾವು ಮಾಡಿದ್ದೂ ಅದನ್ನೇ.

ಓಡಾಡುವ ಮಕ್ಕಳಿಗೆ ಹಾಲಿನೊಡನೆ ಎರಡು ಮೂರು ಕೊಡಲು ನಮ್ಮ ಅಡ್ಡಿಯಿಲ್ಲ. ಮಧುಮೇಹವಿರುವವರಿಗೆ ಒಂದು, ಅದೂ ಬೆಲ್ಲವನ್ನು ಅರ್ಧಕ್ಕಿಳಿಸಿ, ದಿನದ ಊಟದ ಲೆಕ್ಕದೊಳಗೆ. ಗೋಧಿ ಒಗ್ಗದವರು ಜವೆ ಗೋಧಿಯನ್ನೂ ಮುಟ್ಟಬಾರದು, ಅದೂ ಗೋಧಿಯೇ.

ಆ ತಾಯಿಗೆ ಬಿಸ್ಕತ್ತನ್ನು ನಾವು ಪೂರ್ತಿ ಬಿಡಿಸಲಿಲ್ಲ. ಡಬ್ಬಿಯನ್ನು ಸೊಸೆಯ ವಶಕ್ಕೆ ಕೊಡಿಸಿದೆವು, ಔಷಧವನ್ನು ಮುಂದುವರಿಸಿದೆವು. ಮೂರು ತಿಂಗಳ ಬಳಿಕ ಬಂದಾಗ ಸಕ್ಕರೆ ಇಳಿದಿತ್ತು. ಹೊರಡುವಾಗ ಬಾಗಿಲಲ್ಲಿ ನಿಂತು ಮೆಲ್ಲಗೆ ಕೇಳಿದರು: “ಹಬ್ಬಕ್ಕರ ಎರಡ ತಿನ್ಲೇನ್ರಿ?”