ಧಾರವಾಡ ಅಷ್ಟು ದೂರವೇ?

2025ರ ಆಗಸ್ಟ್ 31, ಭಾನುವಾರ. ಪೀಣ್ಯದ ಹತ್ತಿರದ ನಮ್ಮ ಸಭೆಯಲ್ಲಿ ಅಮೆರಿಕದ ಮಿನಿಯಾಪೊಲಿಸ್ ಮಕ್ಕಳಿಗಾಗಿ ಪ್ರಾರ್ಥನೆ ಮಾಡಿದೆವು. ಆ ಬುಧವಾರ ಅಲ್ಲಿನ ಚರ್ಚಿನಲ್ಲಿ ಶಾಲೆಯ ಮಕ್ಕಳು ಬಲಿಪೂಜೆಗೆ ಕೂತಿದ್ದಾಗ ಕಿಟಕಿಯಾಚೆಯಿಂದ ಗುಂಡು ಹಾರಿ ಇಬ್ಬರು ಮಕ್ಕಳು ಸತ್ತಿದ್ದರು. ನನ್ನ ಕಣ್ಣಲ್ಲೂ ನೀರು ಬಂತು, ಸುಳ್ಳು ಹೇಳಲ್ಲ.

ಆದರೆ ಅದರ ಹಿಂದಿನ ದಿನವಷ್ಟೇ ಎಂ.ಎಂ. ಕಲಬುರ್ಗಿಯವರನ್ನು ಧಾರವಾಡದ ಅವರ ಮನೆಯಲ್ಲೇ ಗುಂಡಿಟ್ಟು ಕೊಂದು ಹತ್ತು ವರ್ಷ ತುಂಬಿತ್ತು. ಮುಂದಿನ ಶುಕ್ರವಾರಕ್ಕೆ ಗೌರಿ ಲಂಕೇಶ್ ಹೋಗಿ ಎಂಟು ವರ್ಷ. ಅವರನ್ನು ಕೊಂದ ರಾಜರಾಜೇಶ್ವರಿನಗರ ನಮಗೆ ರಿಂಗ್ ರೋಡಿನ ದಾರಿ. ಇಬ್ಬರ ಹೆಸರೂ ಪ್ರಾರ್ಥನೆಯಲ್ಲಿ ಬರಲಿಲ್ಲ. ಆರಾಧನೆ ಮುಗಿದ ಮೇಲೆ ಹಿರಿಯರೊಬ್ಬರನ್ನು ಕೇಳಿದೆ. "ಅದೆಲ್ಲ ರಾಜಕೀಯ ಬ್ರದರ್" ಅಂದರು.

ಕಿಟ್ಟೆಲ್ ನಿಘಂಟು 1894ರಲ್ಲಿ ಬಂತು ಅಂತ ಇವತ್ತಿಗೂ ಎದೆ ಉಬ್ಬಿಸಿಕೊಂಡು ಹೇಳುವವರು ನಾವು. ಕನ್ನಡ ಸಂಶೋಧಕನೊಬ್ಬನನ್ನು ಕೊಂದರೆ ಮಾತ್ರ ರಾಜಕೀಯ! ಇಬ್ಬರನ್ನೂ ಕೊಂದದ್ದು ಒಂದೇ 7.65 ಮಿ.ಮೀ. ನಾಡ ಪಿಸ್ತೂಲು ಅಂತ ವಿಧಿವಿಜ್ಞಾನ ವರದಿ ಹೇಳಿತು. ಲೇತ್ ಮುಂದೆ ಇಪ್ಪತ್ತು ವರ್ಷ ನಿಂತವನು ನಾನು. ಆ ಅಳತೆ ಓದಿದಾಗ ಕೈಯೇ ನಡುಗಿತು. ನನ್ನಂಥವನೇ ಒಬ್ಬ ಎಲ್ಲೋ ಕೂತು ಆ ನಳಿಗೆ ಕೊರೆದಿರುತ್ತಾನಲ್ಲ.

ಭಯ ಇದೆ, ಒಪ್ಪುತ್ತೇನೆ. 2008ರ ಸೆಪ್ಟೆಂಬರಿನಲ್ಲಿ ಮಂಗಳೂರಿನ ಕಡೆ ಚರ್ಚುಗಳ ಮೇಲೆ ನಡೆದ ದಾಳಿ ನಾವ್ಯಾರೂ ಮರೆತಿಲ್ಲ. ಹಾಗಿದ್ದರೆ ಭಯ ಅನ್ನಿ, ರಾಜಕೀಯ ಅನ್ನಬೇಡಿ.

ಇನ್ನೊಂದು ಉತ್ತರ, "ಕ್ಷಮಿಸೋದು ನಮ್ಮ ಕೆಲಸ". ಸ್ವಾಮೀ, ಗುಂಡು ತಿಂದವರು ನಾವಲ್ಲ, ಕ್ಷಮಿಸಲು ನಾವ್ಯಾರು? 2006ರಲ್ಲಿ ಪೆನ್ಸಿಲ್ವೇನಿಯದ ನಿಕಲ್ ಮೈನ್ಸ್ ಶಾಲೆಯಲ್ಲಿ ಐದು ಹುಡುಗಿಯರು ಸತ್ತಾಗ ಆಮಿಶ್ ಜನ ಕ್ಷಮಿಸಿದ್ದು ತಮ್ಮ ಸ್ವಂತ ಮಕ್ಕಳನ್ನು ಕೊಂದವನನ್ನು. ಅದೂ ಬಾಯಿಮಾತಲ್ಲಿ ಅಲ್ಲ. ಅವನ ಹೆಂಡತಿಯ ಮನೆಗೆ ಹೋದರು, ಅವನ ಮಣ್ಣಿಗೂ ಹೋದರು. ಬೇರೆಯವರ ಮನೆ ಸಾವಿಗೆ ಪುಕ್ಕಟೆ ಕ್ಷಮೆ ಹಂಚಲಿಲ್ಲ.

ಮತ್ತೇನು ಮಾಡೋಣ ಅಂತೀರಾ? ಕತ್ತಿ ಬಡಿದು ನೇಗಿಲ ಕುಳ ಮಾಡುವ ಯೆಶಾಯನ ಮಾತನ್ನು ಪ್ರತಿ ಕ್ರಿಸ್ಮಸ್ಸಿಗೂ ಓದುತ್ತೇವಲ್ಲ, ಕೊಲರಾಡೊದಲ್ಲಿ ರಾ ಟೂಲ್ಸ್ ಅನ್ನುವವರು 2013ರಿಂದ ಅದನ್ನೇ ಮಾಡುತ್ತಿದ್ದಾರೆ. ಬಂದೂಕು ಕಾಯಿಸಿ, ಬಡಿದು, ತೋಟದ ಸಲಕರಣೆ ಮಾಡುತ್ತಾರೆ. ಇಲ್ಲಿ ಹಾಗೆ ಯಾರ ಬಂದೂಕನ್ನೋ ತಂದು ಕುಲುಮೆಗೆ ಹಾಕಿದರೆ ನಾವೇ ಜೈಲಿಗೆ. ಆದರೆ ಲೈಸೆನ್ಸ್ ಬಂದೂಕು ಇಟ್ಟುಕೊಂಡ ಅನುಕೂಲಸ್ಥರು ನಮ್ಮ ಸಭೆಯಲ್ಲೂ ಇದ್ದಾರೆ. ಚುನಾವಣೆ ಬಂದರೆ ಠಾಣೆಗೆ ಒಯ್ದು ಕೊಡುತ್ತಾರೆ. ಶುಭ ಶುಕ್ರವಾರ ಕೊಟ್ಟು, ವಾಪಸ್ ತರದೇ ಇರಲಿ ನೋಡೋಣ!

ಮುಂದಿನ ಆಗಸ್ಟ್ 30ಕ್ಕೆ ಪ್ರಾರ್ಥನೆಯ ಚೀಟಿಯಲ್ಲಿ ಎರಡೂ ಹೆಸರು ಬರೆದು ಕೊಡುತ್ತೇನೆ. ಓದಿದರೋ ಇಲ್ಲವೋ, ಇಲ್ಲೇ ತಿಳಿಸುತ್ತೇನೆ.