ಹರಿಗೋಲು ಉಳಿಯಲಿ, ಬೇಟೆ ಬೇಡ

ಶಿವನಸಮುದ್ರದ ನಮ್ಮ ಮನೆಯ ಹಿತ್ತಲಲ್ಲಿ ದಾದಾ ಅವರ ಹರಿಗೋಲು ಬೋರಲಾಗಿ ಬಿದ್ದಿತ್ತು. ಅದರಲ್ಲಿ ಅವರು ಕಾವೇರಿಯಲ್ಲಿ ಮೀನು ಹಿಡಿಯುತ್ತಿದ್ದರು, ಚಳಿಗಾಲದಲ್ಲಿ ದಡದ ಜೊಂಡಿನಲ್ಲಿ ಕಾಡುಬಾತು ಬೇಟೆಗೂ ಹೋಗುತ್ತಿದ್ದರು.

ಈ ರಜೆಯಲ್ಲಿ ಅಬ್ಬಾ ಜೊತೆ ಸೇರಿ ಮುರಿದ ಬಿದಿರಿನ ದಬ್ಬೆಗಳನ್ನು ಬದಲಿಸಿದೆ. ಹಿಂದೆ ಚರ್ಮ ಹೊದಿಸುತ್ತಿದ್ದರಂತೆ. ನಾವು ಪ್ಲಾಸ್ಟಿಕ್ ಹಾಳೆ ಹೊದಿಸಿ ಡಾಂಬರು ಬಳಿದೆವು. ಲೆಕ್ಕಶಾಸ್ತ್ರದಲ್ಲಿ ಸವಕಳಿ ಕಳೆದರೆ ಅದರ ಬೆಲೆ ಸೊನ್ನೆ. ಆದರೆ ದಬ್ಬೆ ಬಾಗಿಸುವ ಕೈಗುಣವನ್ನು ಯಾವ ಖಾತೆಗೆ ಬರೆಯುವುದು?

"ಹಾಗಾದರೆ ಬೇಟೆಗೂ ಹೋಗೋಣ" ಎಂದ ತಮ್ಮ. ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ. ನಮ್ಮದೇ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನ ಜನ ಮನೆ ಪಕ್ಕದ ಮರಗಳಲ್ಲಿ ಹೆಜ್ಜಾರ್ಲೆಗಳ ಗೂಡು ಕಾಯುತ್ತಾರೆ. ಹಿರಿಯರಿಂದ ಕಸುಬು ಕಲಿಯೋಣ. ಬೇಟೆಯನ್ನು ಅವರ ಕಾಲಕ್ಕೇ ಬಿಡೋಣ.