ಪೀಠ ಕೊಲ್ಹಾಪುರಕ್ಕೆ ಬಂತು. ರುಜುವಾತಿನ ಭಾರ ಊರಿನಲ್ಲೇ ಉಳಿಯಿತು

ಮುಂಬಯಿ ಉಚ್ಚ ನ್ಯಾಯಾಲಯದ ಸಂಚಾರಿ ಪೀಠವು 2025ರ ಆಗಸ್ಟ್ 18ರಿಂದ ಕೊಲ್ಹಾಪುರದಲ್ಲಿ ಕಾರ್ಯಾರಂಭ ಮಾಡಿದೆ. ಸಾಂಗಲಿ ಜಿಲ್ಲೆಯೂ ಅದರ ವ್ಯಾಪ್ತಿಗೆ ಸೇರಿರುವುದರಿಂದ ಸಮಡೋಳಿ, ಮಿರಜ, ಜತ್ತ ಭಾಗದ ಕಕ್ಷಿದಾರರಿಗೆ ಮುಂಬಯಿಯವರೆಗಿನ ಅಲೆದಾಟ ತಪ್ಪಿದೆ. ಇದು ಸ್ವಾಗತಾರ್ಹ. ಆದರೆ ‘ಇಲ್ಲಿ ಸೋತರೂ ಮೇಲೆ ಗೆಲ್ಲಬಹುದು’ ಎಂಬ ನಂಬಿಕೆಯು ನಿರ್ಲಕ್ಷ್ಯದ ದಾವೆಗಳಲ್ಲಿ ಅಪಾಯಕಾರಿ.

ಎದುರು ಪಕ್ಷಕ್ಕೆ ಎಚ್ಚರ ವಹಿಸುವ ಹೊಣೆಯಿತ್ತು, ಅದನ್ನು ಪಾಲಿಸಲಿಲ್ಲ, ಆ ಕಾರಣದಿಂದಲೇ ಹಾನಿಯಾಯಿತು ಎಂಬುದನ್ನು ಸಾಮಾನ್ಯವಾಗಿ ವಾದಿಯೇ ರುಜುವಾತುಪಡಿಸಬೇಕು. ಕೆಲವೊಮ್ಮೆ ಘಟನೆಯೇ ಸಾಕ್ಷಿ ನುಡಿಯುತ್ತದೆ. ದಿಲ್ಲಿಯ ಚಾಂದನಿ ಚೌಕದ ಗಡಿಯಾರ ಗೋಪುರ ಕುಸಿದು ಜನ ಸತ್ತ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1966ರಲ್ಲಿ ನಗರಪಾಲಿಕೆಯನ್ನೇ ಹೊಣೆ ಮಾಡಿತು. 40-45 ವರ್ಷ ಬಾಳಬೇಕಾದ ಗಾರೆಯ ಆ ಗೋಪುರಕ್ಕೆ ಸುಮಾರು 80 ವರ್ಷವಾಗಿತ್ತು. 1995ರಲ್ಲಿ ಪ್ರವಾಸಕ್ಕೆ ಹೋದ 14 ವಿದ್ಯಾರ್ಥಿಗಳು ಬಿಯಾಸ್ ನದಿಯಲ್ಲಿ ಮುಳುಗಿದಾಗ, ಶಿಕ್ಷಕರ ನಿರ್ಲಕ್ಷ್ಯಕ್ಕೆ ಶಾಲೆಯೂ ಹೊಣೆ ಎಂದು ಅದೇ ನ್ಯಾಯಾಲಯ 2001ರಲ್ಲಿ ತೀರ್ಪಿತ್ತು, ಪ್ರತಿ ಮಗುವಿಗೆ 5 ಲಕ್ಷ ರೂಪಾಯಿಯ ಪರಿಹಾರವನ್ನು ಎತ್ತಿಹಿಡಿಯಿತು. ಅದು ರಿಟ್ ಅರ್ಜಿಯಿಂದ ಬಂದ ಪ್ರಕರಣ. ಸಂಗತಿಗಳೇ ವಿವಾದದಲ್ಲಿದ್ದರೆ ಸಾಮಾನ್ಯವಾಗಿ ಸಿವಿಲ್ ದಾವೆಯ ದಾರಿಯನ್ನೇ ಹಿಡಿಯಬೇಕಾಗುತ್ತದೆ.

ಆ ದಾರಿಯಲ್ಲಿ ಮೊದಲ ನ್ಯಾಯಾಲಯವೇ ನಿರ್ಣಾಯಕ. ಸಿವಿಲ್ ಪ್ರಕ್ರಿಯಾ ಸಂಹಿತೆಯ 96ನೇ ಕಲಮಿನ ಪ್ರಥಮ ಮೇಲ್ಮನವಿಯಲ್ಲಿ ಸಂಗತಿ, ಕಾನೂನು ಎರಡನ್ನೂ ಮರುಪರಿಶೀಲಿಸಬಹುದು; ಆದರೆ ಕಡತದಲ್ಲಿರುವ ಸಾಕ್ಷ್ಯದ ಮೇಲೆ ಮಾತ್ರ. ಕೆಳ ನ್ಯಾಯಾಲಯ ತಪ್ಪಾಗಿ ನಿರಾಕರಿಸಿದ್ದು, ಎಷ್ಟು ಶ್ರಮಿಸಿದರೂ ಆಗ ಸಿಗದಿದ್ದದ್ದು, ಮೇಲ್ಮನವಿ ನ್ಯಾಯಾಲಯಕ್ಕೇ ಅಗತ್ಯವೆನಿಸಿದ್ದು ಇಂಥ ಸಂದರ್ಭಗಳನ್ನು ಬಿಟ್ಟರೆ ಹೊಸ ಸಾಕ್ಷ್ಯಕ್ಕೆ ಎಡೆಯಿಲ್ಲ. 100ನೇ ಕಲಮಿನ ದ್ವಿತೀಯ ಮೇಲ್ಮನವಿಯಂತೂ ಕಾನೂನಿನ ಮಹತ್ವದ ಪ್ರಶ್ನೆಗಷ್ಟೇ ಸೀಮಿತ.

ಅವಧಿಯೂ ಬಿಗಿಯಾದದ್ದು. ಸಾವಿನ ಪರಿಹಾರದ ದಾವೆಗೆ ಸಾವಿನ ದಿನದಿಂದ 2 ವರ್ಷ. ಜಿಲ್ಲಾ ನ್ಯಾಯಾಲಯದ ಮೇಲ್ಮನವಿಗೆ 30 ದಿನ, ಉಚ್ಚ ನ್ಯಾಯಾಲಯದ್ದಕ್ಕೆ 90 ದಿನ.

ನಮ್ಮ ಕುಟುಂಬಗಳಿಗೆ ಭಾಷೆಯ ತೊಡಕೂ ಇದೆ. ಇಲ್ಲಿನ ಕೆಳ ನ್ಯಾಯಾಲಯಗಳ ಭಾಷೆ ಮರಾಠಿ. ಕನ್ನಡ ಶಾಲೆಯ ಪತ್ರ, ಠರಾವುಗಳು ಅನುವಾದವಾಗದೆ ಅಲ್ಲಿ ಫಲ ಕೊಡಲಾರವು.

2005, 2019, 2021ರ ಮಹಾಪೂರಗಳನ್ನು ಕಂಡ ಈ ಕೃಷ್ಣಾ-ವಾರಣಾ ದಂಡೆಯಲ್ಲಿ ನೆನೆದ ಗೋಡೆ, ಬಿರುಕುಬಿಟ್ಟ ಛಾವಣಿ ಕೇವಲ ಮಾತಿನ ವಿಷಯವಾಗಬಾರದು. ಪಾಲಕರು ದೂರನ್ನು ಬರಹದಲ್ಲಿ, ಮರಾಠಿ ಪ್ರತಿಯೊಡನೆ ಸಲ್ಲಿಸಿ, ಆವಕ ಸಂಖ್ಯೆ ಮತ್ತು ಮೊಹರನ್ನು ಪಡೆಯಬೇಕು. ದಿನಾಂಕವಿರುವ ಚಿತ್ರಗಳನ್ನು ಕಾಯ್ದಿಡಬೇಕು. ಅಪಾಯ ಮೊದಲೇ ತಿಳಿದಿತ್ತು ಎಂಬುದಕ್ಕೆ ಆ ಮೊಹರಿಗಿಂತ ಗಟ್ಟಿಯಾದ ಸಾಕ್ಷ್ಯ ವಿರಳ. ಅದಕ್ಕಿಂತ ಮುಖ್ಯವಾಗಿ, ಮೊಹರು ಬಿದ್ದ ದೂರಿಗೆ ಗೋಡೆ ಬೀಳುವ ಮೊದಲೇ ದುರಸ್ತಿ ಆದೀತು. ಮಕ್ಕಳಿಗೆ ಬೇಕಾದದ್ದು ಪರಿಹಾರಧನವಲ್ಲ, ಆ ದುರಸ್ತಿ.